ಎದುರಿಗೆ ಸಿಗದವರಿಗೂ ಒಂದು ಥ್ಯಾಂಕ್ಸ್

ಅಣ್ಣನ ಆರನೇ ಸೈಕಲ್ ಕೀಮೋ ಮುಗಿಯಿತು. ಮೊನ್ನೆಯ ಎಂಆರ್‌ಐನಲ್ಲಿ ಗಡ್ಡೆ ಮತ್ತೆ ಬೆಳೆದ ಗುರುತಿಲ್ಲ. ಗ್ಲಿಯೋಬ್ಲಾಸ್ಟೋಮಾ ಅನ್ನೋ ಮಿದುಳಿನ ಕ್ಯಾನ್ಸರ್ ಕಂಡ ಮನೆಯವರಿಗೆ ಇದು ಎಷ್ಟು ದೊಡ್ಡ ಸುದ್ದಿ ಅಂತ ಗೊತ್ತಿರುತ್ತದೆ. ಫೋನ್ ಮಾಡಿ ವಿಚಾರಿಸುತ್ತಿದ್ದ ಎಲ್ಲರಿಗೂ ಒಟ್ಟಿಗೇ ಹೇಳಿಬಿಡೋಣ ಅಂತ ಬರೆಯುತ್ತಿದ್ದೇನೆ.

ಆಪರೇಷನ್ ಮಾಡಿದ ಡಾಕ್ಟರಿಗೆ, ರೇಡಿಯೇಷನ್ ವಿಭಾಗದವರಿಗೆ, ರಜೆ ಹಾಕಿ ಬೆಂಗಳೂರಿಗೆ ಜೊತೆಯಾದ ಭಾವನಿಗೆ, ನಾನಿಲ್ಲದಾಗ ಅಂಗಡಿ ನೋಡಿಕೊಂಡ ಹುಡುಗರಿಗೆ ಎದುರಿಗೇ ಹೇಳಿದ್ದೇನೆ. ಅತ್ತಿಗೆಗೆ ಥ್ಯಾಂಕ್ಸ್ ಅಂದರೆ ಬೈಸಿಕೊಳ್ಳಬೇಕಾಗುತ್ತದೆ, ಅದಕ್ಕೇ ಸುಮ್ನಿದ್ದೇನೆ. ಎದುರಿಗೆ ಸಿಗದವರು ಇನ್ನೂ ಕೆಲವರಿದ್ದಾರೆ.

ಅರಸೀಕೆರೆಯಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿರುವ ನನಗೆ ಅಣ್ಣನಿಗೆ ಬರೆದ ಕೀಮೋ ಔಷಧ ಟೆಮೊಜೊಲೊಮೈಡ್‌ನ ಹೆಸರು ಗೊತ್ತಿತ್ತು, ಅಷ್ಟೇ. ಅದನ್ನು ಕಂಡುಹಿಡಿದವರು ಯಾರು ಅಂತ ಹುಡುಕಿದ್ದು ಅಣ್ಣ ಅದನ್ನು ನುಂಗಲು ಶುರು ಮಾಡಿದ ಮೇಲೆ. ಅವರ ಹೆಸರು ಮಾಲ್ಕಮ್ ಸ್ಟೀವನ್ಸ್. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಆಸ್ಟನ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ಅವರ ತಂಡ ಇದನ್ನು ತಯಾರಿಸಿತು. ಇದೇ ಜಾತಿಯ ಮೈಟೊಜೊಲೊಮೈಡ್ ಮೊದಲು ಬಂದಿತ್ತು. ಇಲಿಗಳ ಗಡ್ಡೆಯನ್ನು ಚೆನ್ನಾಗಿ ಕರಗಿಸಿದ ಔಷಧ, ಮನುಷ್ಯರಿಗೆ ಕೊಟ್ಟಾಗ ಪ್ಲೇಟ್‌ಲೆಟ್ಟನ್ನು ಪಾತಾಳಕ್ಕೆ ಇಳಿಸಿತು. ಇಡೀ ಗುಂಪನ್ನೇ ಕೈಬಿಟ್ಟಿದ್ದರೂ ಯಾರೂ ಕೇಳುತ್ತಿರಲಿಲ್ಲ. ಅವರು ಬಿಡಲಿಲ್ಲ. ಅಣುವಿನಲ್ಲಿ ಕ್ಲೋರೋಈಥೈಲ್ ಅನ್ನೋ ತುಣುಕು ಇದ್ದ ಜಾಗದಲ್ಲಿ ಮೀಥೈಲ್ ಅನ್ನೋ ಪುಟ್ಟ ತುಣುಕು ಇರುವ ಅದರ ತಮ್ಮನನ್ನು ಮುಂದಕ್ಕೆ ತಂದರು. 1987ರಲ್ಲಿ ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಎಡ್ವರ್ಡ್ ನ್ಯೂಲ್ಯಾಂಡ್ಸ್ ತಂಡ ಅದನ್ನು ರೋಗಿಗಳಿಗೆ ಕೊಡಲು ಶುರು ಮಾಡಿತು.

ಈ ಔಷಧ ಹೊಟ್ಟೆಯ ಆಸಿಡ್‌ಗೆ ಕೆಡುವುದಿಲ್ಲ. ರಕ್ತಕ್ಕೆ ಸೇರಿದ ಮೇಲೆ ತಾನಾಗಿಯೇ ಒಡೆದು ಕೆಲಸಕ್ಕೆ ಇಳಿಯುತ್ತದೆ. ಕಂಡಕಂಡದ್ದೆಲ್ಲ ಮಿದುಳಿಗೆ ನುಗ್ಗದಂತೆ ರಕ್ತನಾಳಗಳಲ್ಲೇ ಒಂದು ತಡೆ ಇದೆಯಲ್ಲ, ಬಹಳಷ್ಟು ಕ್ಯಾನ್ಸರ್ ಔಷಧಗಳು ಅಲ್ಲೇ ನಿಲ್ಲುತ್ತವೆ. ಇದು ದಾಟುತ್ತದೆ. ಹಾಗಾಗಿ ಅಣ್ಣ ಮನೆಯಲ್ಲೇ ಕೀಮೋ ತಗೊಂಡ. "ಕೀಮೋ ಅಂದ್ರೆ ಡ್ರಿಪ್ ಹಾಕೋದಲ್ವಾ?" ಅಂತ ಪಕ್ಕದ ಮನೆಯವರಿಗೆ ಕೊನೆವರೆಗೂ ಅನುಮಾನ.

ರಾತ್ರಿ ಏಳೂವರೆಗೆಲ್ಲ ಊಟ ಮುಗಿಯಬೇಕು. ಒಂಬತ್ತೂವರೆಗೆ ವಾಂತಿ ತಡೆಯುವ ಮಾತ್ರೆ. ಹತ್ತಕ್ಕೆ ಖಾಲಿ ಹೊಟ್ಟೆಗೆ ಕ್ಯಾಪ್ಸುಲ್. ಅಗಿಯುವಂತಿಲ್ಲ, ಬಿಚ್ಚುವಂತಿಲ್ಲ. ಅತ್ತಿಗೆ ಗ್ಲೌಸ್ ಹಾಕಿಕೊಂಡು ಒಂದೊಂದನ್ನೇ ಎಣಿಸಿ ಸ್ಟೀಲ್ ಬಟ್ಟಲಿಗೆ ಹಾಕುತ್ತಿದ್ದರು. ಆ ಟಿಕ್ ಟಿಕ್ ಕೇಳಿದರೆ ಅಣ್ಣ ಟಿವಿ ಆರಿಸಿ ಎದ್ದು ಬರುತ್ತಿದ್ದ. ಐದು ರಾತ್ರಿ ಹೀಗೆ. ಆಮೇಲೆ 23 ದಿನ ಬಿಡುವು, ನಡುವೆ ರಕ್ತಪರೀಕ್ಷೆ. ಪ್ಲೇಟ್‌ಲೆಟ್ ಎಷ್ಟು ಬಂತು ಅನ್ನೋದೇ ಆಗ ಮನೆಯಲ್ಲಿ ದೊಡ್ಡ ಮಾತು.

ಎದುರಿಗೆ ಸಿಗದವರಲ್ಲಿ ಇನ್ನು 573 ಜನ ರೋಗಿಗಳಿದ್ದಾರೆ. ರೇಡಿಯೇಷನ್ ಜೊತೆಗೇ ಈ ಕ್ಯಾಪ್ಸುಲ್ ಕೊಟ್ಟರೆ ಲಾಭ ಇದೆಯಾ ಅಂತ ನೋಡಲು ಸ್ವಿಟ್ಜರ್‌ಲೆಂಡಿನ ರೋಜರ್ ಸ್ಟುಪ್ ಮುಂದಾಳತ್ವದಲ್ಲಿ ದೊಡ್ಡ ಪರೀಕ್ಷೆ ನಡೆಯಿತು. ಒಪ್ಪಿ ಬಂದ ರೋಗಿಗಳಲ್ಲಿ 287 ಮಂದಿಗೆ ಎರಡೂ ಸಿಕ್ಕಿತು. ಉಳಿದ 286 ಮಂದಿಗೆ ಮೊದಲಿಗೆ ರೇಡಿಯೇಷನ್ ಮಾತ್ರ. ಯಾರು ಯಾವ ಗುಂಪಿಗೆ ಅನ್ನೋದು ಅವರ ಕೈಯಲ್ಲಿರಲಿಲ್ಲ. 2005ರಲ್ಲಿ ಫಲಿತಾಂಶ ಬಂತು. ಎರಡು ವರ್ಷದ ನಂತರ ಬದುಕಿದ್ದವರು ರೇಡಿಯೇಷನ್ ಗುಂಪಿನಲ್ಲಿ ಶೇ. 10.4, ಎರಡೂ ಸಿಕ್ಕವರಲ್ಲಿ ಶೇ. 26.5. ಕುಣಿದಾಡುವ ಅಂಕಿಯಲ್ಲ, ನನಗೂ ಗೊತ್ತು. ಆದರೂ ಇವತ್ತು ಅಣ್ಣನ ಚೀಟಿಯಲ್ಲಿ ಎರಡನ್ನೂ ಒಟ್ಟಿಗೇ ಬರೆದಿದ್ದರೆ ಅದಕ್ಕೆ ಕಾರಣ ಆ ಜನ. ಅದರಲ್ಲೂ ಆ 286 ಮಂದಿಯ ಋಣ ಜಾಸ್ತಿ ಅನ್ನಿಸುತ್ತದೆ. ತಮಗೆ ಸಿಗದೇ ಇರಬಹುದು ಅಂತ ಗೊತ್ತಿದ್ದೇ ಸಹಿ ಹಾಕಿದವರು ಅವರು.

ಅದೇ ವರ್ಷ ವಿಜ್ಞಾನಿ ಮೋನಿಕಾ ಹೆಗಿ ಮತ್ತು ಜೊತೆಯವರು ಇನ್ನೊಂದು ವಿಷಯ ತೋರಿಸಿದರು. ಔಷಧ ಮಾಡಿದ ಹಾನಿಯನ್ನು ರಿಪೇರಿ ಮಾಡಿಕೊಳ್ಳುವ ಎಂಜಿಎಂಟಿ ಜೀನ್ ಕೆಲವು ಗಡ್ಡೆಗಳಲ್ಲಿ ಮುಚ್ಚಿಹೋಗಿರುತ್ತದೆ. ಅಂಥವರಿಗೆ ಕ್ಯಾಪ್ಸುಲ್ ಹೆಚ್ಚು ಫಲ ಕೊಡುತ್ತದೆ. ಅಣ್ಣನದು ಅಂಥದ್ದೇ. ಡಾಕ್ಟರು ರಿಪೋರ್ಟಿನ ಆ ಸಾಲಿಗೆ ಪೆನ್ನಿನಲ್ಲಿ ಗೆರೆ ಎಳೆದು ಕೊಟ್ಟಿದ್ದರು.

ಫಿಟ್ಸ್ ಮಾತ್ರೆ, ಆಗಾಗ ಸ್ಕ್ಯಾನ್ ಮುಂದೆಯೂ ಇರುತ್ತವೆ. ಅಣ್ಣ ತೋಟಕ್ಕೆ ಹೋಗಿ ಬರುತ್ತಿದ್ದಾನೆ. ಬೈಕ್ ಕೀ ಇನ್ನೂ ಕೊಟ್ಟಿಲ್ಲ ಅಂತ ನನ್ನ ಮೇಲೆ ಸಿಟ್ಟು. ನೋಡಲು ಬರುವವರು ಧಾರಾಳವಾಗಿ ಬನ್ನಿ. ಶೀತ, ಕೆಮ್ಮು ಇದ್ದರೆ ಮಾತ್ರ ವಾಸಿ ಮಾಡಿಕೊಂಡು ಬನ್ನಿ.