ಗಿಟಾರ್ ಕೇಳಿ ಅಂದ್ರೆ ಸಾಲದು, ಯಾರ ಗಿಟಾರ್ ಅಂತಾನೂ ಹೇಳಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಟೆನ್ಷನ್ ಕಡಿಮೆ ಮಾಡ್ಕೊಳ್ಳೋಕೆ ಇಂಪಾದ ಗಿಟಾರ್ ಸಂಗೀತ ಕೇಳಿ ಅಂತ ಒಂದು ಸಾಲು ಬಂದಿತ್ತು, ಅಷ್ಟೇ, ಯಾರದು, ಯಾವ ಆಲ್ಬಮ್ ಅಂತ ಏನೂ ಇರ್ಲಿಲ್ಲ. ಅದನ್ನ ಓದಿದವರು ಫೋನಲ್ಲಿ ‘ರಿಲ್ಯಾಕ್ಸಿಂಗ್ ಗಿಟಾರ್’ ಅಂತ ಹುಡುಕ್ತಾರೆ, ಮಳೆ ಸದ್ದು ಸೇರಿಸಿದ ಗಂಟೆಗಟ್ಟಲೆ ವಿಡಿಯೋ ಬರುತ್ತೆ, ನುಡಿಸಿದವರ ಹೆಸರೇ ಇರಲ್ಲ, ಸ್ವಲ್ಪ ಹೊತ್ತಿಗೆ ಬೋರ್ ಆಗಿ ಗಿಟಾರ್ ಅಂದ್ರೆ ಇಷ್ಟೇನಾ ಅಂತ ಆಫ್ ಮಾಡ್ತಾರೆ. ನಂಗೆ ಬೇಜಾರಾಗೋದು ಇದಕ್ಕೇ.

ಹೊಸದಾಗಿ ಕೇಳೋರಿಗೆ ನಾನು ಮೊದಲು ಹೇಳೋ ಹೆಸರು ವಿಲಿಯಂ ಆಕರ್ಮನ್. ಅಮೆರಿಕದಲ್ಲಿ ಮನೆ ಕಟ್ಟೋ ಕೆಲಸ ಮಾಡ್ಕೊಂಡಿದ್ದವರು, 1976ರಲ್ಲಿ ವಿಂಡಮ್ ಹಿಲ್ ಅನ್ನೋ ರೆಕಾರ್ಡ್ ಕಂಪನಿ ಶುರು ಮಾಡಿ ತಮ್ಮ ಮೊದಲ ಆಲ್ಬಮ್ ತಾವೇ ತಂದ್ರು. ಅವಸರ ಇಲ್ಲ, ಒಂದು ಸ್ವರ ಪೂರ್ತಿ ಕರಗೋವರೆಗೂ ಬಿಟ್ಟು ಆಮೇಲೆ ಇನ್ನೊಂದು ಮೀಟ್ತಾರೆ. ಇಯರ್‌ಫೋನ್ ಹಾಕ್ಕೊಂಡ್ರೆ ದಪ್ಪ ತಂತಿ ಮೇಲೆ ಬೆರಳು ಜಾರಿದಾಗ ಬರೋ ಕಿರ್ ಅನ್ನೋ ಸದ್ದು ಕೂಡ ಕೇಳುತ್ತೆ, ಯಾರೋ ಪಕ್ಕದಲ್ಲೇ ಕೂತು ನುಡಿಸ್ತಿದಾರೆ ಅನ್ನಿಸುತ್ತೆ. ಅದೇ ಕಂಪನಿಯಿಂದ ಅವರ ಕಸಿನ್ ಅಲೆಕ್ಸ್ ಡಿ ಗ್ರಾಸಿ 1978ರಲ್ಲಿ ‘ಟರ್ನಿಂಗ್: ಟರ್ನಿಂಗ್ ಬ್ಯಾಕ್’ ತಂದ್ರು, ಅದನ್ನೂ ಕೇಳಿ.

ಆದ್ರೆ ನಮ್ಮ ಕಿವಿಗೆ ಎಲ್ಲಕ್ಕಿಂತ ಹತ್ತಿರ ಆಗೋದು ಪಿಯರ್ ಬೆನ್ಸುಸಾನ್ ಅಂತ ನನ್ನ ಗಟ್ಟಿ ಅಭಿಪ್ರಾಯ. ಅಲ್ಜೀರಿಯಾದ ಓರಾನ್‌ನಲ್ಲಿ 1957ರಲ್ಲಿ ಹುಟ್ಟಿ ಪ್ಯಾರಿಸ್ಸಲ್ಲಿ ಬೆಳೆದವರು. ಗಿಟಾರಿನ ಮಾಮೂಲಿ ಟ್ಯೂನಿಂಗ್, ಅಂದ್ರೆ ದಪ್ಪ ತಂತಿಯಿಂದ ಸಣ್ಣ ತಂತಿವರೆಗೆ ಆರೂ ತಂತಿಗಳ ಶ್ರುತಿ, ಪಾಶ್ಚಾತ್ಯ ಸ್ವರಗಳ ಹೆಸರಲ್ಲಿ ಇ ಎ ಡಿ ಜಿ ಬಿ ಇ, ಅದರಲ್ಲಿ ಮೂರು ತಂತಿ ಸ್ವಲ್ಪ ಇಳಿಸಿದ್ರೆ ಡಿ ಎ ಡಿ ಜಿ ಎ ಡಿ ಆಗುತ್ತೆ, ಅವರು ನುಡಿಸೋದು ಇದ್ರಲ್ಲೇ. ಡಿ ಅನ್ನ ಷಡ್ಜ ಅಂತ ಇಟ್ಕೊಂಡು ನೋಡಿ, ಸ ಪ ಸ ಮ ಪ ಸ! ಪಾಶ್ಚಾತ್ಯ ಸಂಗೀತದಲ್ಲಿ ಖುಷಿನಾ ದುಃಖನಾ ಅಂತ ಭಾವ ಹೇಳೋ ಗಾಂಧಾರ ಇಲ್ವೇ ಇಲ್ಲ, ಹಾಗಾಗಿ ಎಲ್ಲೂ ಬೆರಳು ಒತ್ತದೆ ಬರೀ ತಂತಿ ಮೀಟಿದ್ರೆ ಅದು ಸಂತೋಷಾನೂ ಅಲ್ಲ ದುಃಖಾನೂ ಅಲ್ಲ, ಯಾವ ಕಡೆಗೆ ಹೋಗ್ಬೇಕು ಅನ್ನೋದನ್ನ ರಾಗವೇ ತೀರ್ಮಾನ ಮಾಡುತ್ತೆ, ಕೆಳಗಿನ ಸ್ಥಾಯಿಯ ದಪ್ಪ ತಂತಿಗಳು ತಂಬೂರಿ ಥರ ಹಿಂದೆ ಗುಂಯ್ ಅಂತಿರುತ್ತವೆ. ಈ ಟ್ಯೂನಿಂಗನ್ನ ಬಳಕೆಗೆ ತಂದವರು ಇಂಗ್ಲೆಂಡಿನ ಡೇವಿ ಗ್ರಹಾಂ, 1960ರ ದಶಕದಲ್ಲಿ, ಮೊರಾಕೊದಲ್ಲಿ ಔದ್ ಅನ್ನೋ ಅರಬ್ ತಂತಿವಾದ್ಯದವರ ಜೊತೆ ಸೇರಿ ನುಡಿಸೋಕೆ ಅಂತ. ಕಛೇರಿ ಕೇಳಿ ಬೆಳೆದ ನಮ್ಮ ಅಮ್ಮಂದಿರಿಗೂ ಇದು ಹಿಡಿಸುತ್ತೆ, ಕೇಳಿಸಿ ನೋಡಿ.

ಸ್ವಲ್ಪ ಲವಲವಿಕೆ ಬೇಕು ಅನ್ನೋರಿಗೆ ಆಸ್ಟ್ರೇಲಿಯಾದ ಟಾಮಿ ಇಮ್ಯಾನುಯೆಲ್ ಇದಾರೆ. ಹೆಬ್ಬೆರಳು ದಪ್ಪ (ಬೇಸ್) ತಂತಿಗಳಲ್ಲಿ ತಾಳ ಹಿಡಿದಿರುತ್ತೆ, ಉಳಿದ ಬೆರಳು ಹಾಡು ಹೇಳ್ತವೆ, ಎರಡೂ ಒಬ್ಬರದೇ ಕೈ. ಮೊದಲ ಸಲ ಹೆಬ್ಬೆರಳನ್ನ ಮಾತ್ರ ಹಿಂಬಾಲಿಸಿ, ಎರಡನೇ ಸಲ ಮೇಲಿನ ರಾಗ, ಆಗ ಒಂದೇ ಟ್ಯೂನ್ ಬೇರೆ ಥರ ಕೇಳುತ್ತೆ.

ನಮ್ಮಲ್ಲಿ ಗಿಟಾರ್ ಅಂದ್ರೆ ಇನ್ನೂ ಹಾಡಿಗೆ ಸಾಥ್ ಕೊಡೋ ವಾದ್ಯ ಅಥವಾ ಕಾಲೇಜ್ ಡೇಗೆ ತರೋದು ಅಂತಾನೇ ಇದೆ. ಕದ್ರಿ ಗೋಪಾಲನಾಥ್ ಸ್ಯಾಕ್ಸೋಫೋನನ್ನ ಕರ್ನಾಟಕ ಸಂಗೀತದ ವೇದಿಕೆಗೆ ತಂದು ಕೂರಿಸಿದ ನಾಡು ಇದು, ಅಂಥ ಕಡೆ ಆರು ತಂತಿಗೆ ಇಷ್ಟು ಕಡಿಮೆ ಜಾಗ ಯಾಕೆ? ಬೆಂಗಳೂರಿನ ಕೋನಾರ್ಕ್ ರೆಡ್ಡಿ, ‘ಸಂಸ್ಕಾರ’ ಸಿನಿಮಾ ನಿರ್ದೇಶಿಸಿದ ಪಟ್ಟಾಭಿರಾಮ ರೆಡ್ಡಿ ಅವರ ಮಗ, ಗಿಟಾರನ್ನೇ ಜೀವನ ಮಾಡ್ಕೊಂಡವರು, ಅವರ ಬಗ್ಗೆ ಕನ್ನಡದಲ್ಲಿ ಓದೋಕೆ ಸಿಗೋದು ತುಂಬಾ ಕಮ್ಮಿ.

ದಯವಿಟ್ಟು ಪುರವಣಿಯಲ್ಲಿ ವಾರಕ್ಕೆ ಒಬ್ಬ ವಾದಕರ ಬಗ್ಗೆ ಅರ್ಧ ಕಾಲಂ ಕೊಡಿ, ಹೆಸರು, ಆಲ್ಬಮ್, ವರ್ಷ, ಮೊದಲು ಯಾವ ಟ್ರ್ಯಾಕ್ ಕೇಳ್ಬೇಕು, ಇಷ್ಟಿದ್ರೆ ಸಾಕು. ನುಡಿಸೋದು ಕಲಿಸೋ ಅಂಕಣ ಬೇರೆ, ನಾನು ಕೇಳ್ತಿರೋದು ಕೇಳುಗರಿಗೆ. ಬೆನ್ಸುಸಾನ್ ಅವರಿಂದಾನೇ ಶುರು ಮಾಡಿದ್ರೆ ಇನ್ನೂ ಖುಷಿ.

ಇಂತಿ,
ನಿಮ್ಮ ಓದುಗ, ಶಿವಮೊಗ್ಗ