ಮನುಷ್ಯರಿಲ್ಲದ ಕಾಶಿ

ಪ್ರೀತಿಯ ಶಂಕರ,

ಆಟಿ ತಿಂಗಳ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು, ಮಲ್ಪೆ ಬಂದರಿಗೆ ಹೋಗಿದ್ದೆ. ಮೀನುಗಾರಿಕೆ ನಿಷೇಧ ಮುಗಿಯಲು ಇನ್ನೂ ಒಂದು ವಾರವಿದೆ. ಬೋಟುಗಳು ಮೈಗೆ ಮೈ ತಾಗಿಸಿ ನಿಂತಿದ್ದವು. ಒಂದು ನರಪಿಳ್ಳೆಯೂ ಇಲ್ಲ. ಕಂದು, ಬೂದು, ತುಕ್ಕಿನ ಬಣ್ಣ, ಸಂದಿನಲ್ಲಿ ಒಂದು ಚೂರು ನೀರು. ಚಿತ್ರಕಾರ ರಾಮ್ ಕುಮಾರ್ ಬರೆದ ಕಾಶಿಯೇ ಕಣ್ಣೆದುರು ಬಂದಂತಾಯಿತು.

ಮನುಷ್ಯರೇ ಇಲ್ಲದ ಅವರ ಚಿತ್ರದಲ್ಲಿ ಅಷ್ಟು ಹೊತ್ತು ಏನು ನೋಡುತ್ತೀಯ ಎಂದು ನೀನು ಕೇಳಿದ್ದೆಯಲ್ಲ, ಆಗ ನನ್ನಲ್ಲಿ ಉತ್ತರವಿರಲಿಲ್ಲ.

ರಾಮ್ ಕುಮಾರ್ ಹುಟ್ಟಿದ್ದು 1924ರಲ್ಲಿ, ಶಿಮ್ಲಾದಲ್ಲಿ. ಅರ್ಥಶಾಸ್ತ್ರ ಓದಿ, ಬ್ಯಾಂಕಿನ ಕೆಲಸ ಬಿಟ್ಟು ಪ್ಯಾರಿಸ್ಸಿಗೆ ಹೋಗಿ ಚಿತ್ರಕಾರರಾದ ಆಂದ್ರೆ ಲೋತ್, ಫೆರ್ನಾಂ ಲೆಜೆ ಅವರ ಬಳಿ ಕಲಿತರು. ಹಿಂದಿಯಲ್ಲಿ ಕತೆಗಳನ್ನೂ ಬರೆದರು. ಕತೆಗಾರ ನಿರ್ಮಲ್ ವರ್ಮಾ ಇವರ ತಮ್ಮ. ಐವತ್ತರ ದಶಕದ ಅವರ ಚಿತ್ರಗಳ ತುಂಬ ಮನುಷ್ಯರೇ. ನಗರದಲ್ಲಿ ದಿಕ್ಕು ತೋಚದೆ ನಿಂತ, ಕಳೆಗುಂದಿದ ಮುಖಗಳು.

1960ರಲ್ಲಿ ಎಂ. ಎಫ್. ಹುಸೇನರ ಜೊತೆ ಕಾಶಿಗೆ ಹೋದರು. ಜನಜಂಗುಳಿಯ ಆ ಊರನ್ನು ನೋಡಿ ಬಂದವರ ಕ್ಯಾನ್ವಾಸಿನಿಂದ ಜನರೇ ಮರೆಯಾದರು! ಒತ್ತೊತ್ತಾದ ಮನೆಗಳು, ಕತ್ತಲು ತುಂಬಿದ ಬಾಗಿಲು, ಮೆಟ್ಟಿಲು, ನದಿ, ಅಷ್ಟೇ ಉಳಿದವು. ಮುಂದೆ ಮನೆಗಳೂ ಕರಗಿ, ಚಾಕುವಿನಿಂದ ಅಗಲವಾಗಿ ಎಳೆದ ಬಣ್ಣದ ಪಟ್ಟೆಗಳಲ್ಲಿ ನೆಲ, ನೀರು, ಆಕಾಶ ಒಂದನ್ನೊಂದು ತಳ್ಳತೊಡಗಿದವು. 2018ರಲ್ಲಿ ತೀರಿಕೊಳ್ಳುವವರೆಗೂ ಅವರು ಮತ್ತೆ ಮತ್ತೆ ಮರಳಿದ್ದು ಭೂದೃಶ್ಯಕ್ಕೇ.

ಕಾಶಿಯ ಘಾಟುಗಳಲ್ಲಿ ಕಂಡ ದುಃಖ ಯಾವ ಒಂದು ಮುಖದಲ್ಲೂ ಹಿಡಿಸುವಂಥದ್ದಲ್ಲ ಎಂದು ಅವರಿಗೆ ಅನ್ನಿಸಿರಬೇಕು, ಶಂಕರ. ಅದನ್ನು ಕಲ್ಲಿನ ಮೇಲೆ, ನೀರಿನ ಮೇಲೆ ಇಳಿಸಿಟ್ಟರು ಎಂದೇ ನಾನು ನಂಬುತ್ತೇನೆ.

ಮಲ್ಪೆಯಲ್ಲಿ ಒಂದು ಬೋಟಿನ ಟಾರ್ಪಾಲು ಗಾಳಿಗೆ ಸರಿದಿತ್ತು. ಒಳಗೆ ಅರ್ಧ ರಿಪೇರಿಯಾದ ಬಲೆ, ಅದಕ್ಕೆ ಚುಚ್ಚಿಟ್ಟ ಸೂಜಿ. ಸೂಜಿಯಲ್ಲಿ ನೀಲಿ ದಾರ ಇನ್ನೂ ಸುತ್ತಿಕೊಂಡೇ ಇತ್ತು. ಅದನ್ನು ಹಿಡಿದಿದ್ದ ಕೈ ಅಲ್ಲೇ ಇದೆ ಅನ್ನಿಸಿ ಮೈ ಜುಮ್ಮೆಂದಿತು.

ಮನೆಗೆ ಬಂದವನೇ ಕ್ಯಾನ್ವಾಸು ಹಿಡಿದು ಕುಳಿತೆ. ಮೂಲೆಯಲ್ಲಿ ಬಲೆ ಹೆಣೆಯುವ ಮುದುಕನೊಬ್ಬನನ್ನು ಬರೆದಿದ್ದೆ. ನಿನ್ನೆ ರಾತ್ರಿ ಅವನನ್ನು ಕೆರೆದು ತೆಗೆದೆ. ಈ ಥಂಡಿಗೆ ಬಣ್ಣ ಇನ್ನೂ ಒಣಗಿಲ್ಲ. ಭಾನುವಾರ ಬಾ, ನೋಡು.

ನಿನ್ನ,
ರಮೇಶ
ಉಡುಪಿ