ಸೊನ್ನೆ ರೋಧ ಕಂಡ ಮೇಲೆ ಹೇಳಲೇಬೇಕಾದ ವಂದನೆ

ಒಂದು ಪರಮಾಣುವಿನಷ್ಟೇ ದಪ್ಪದ ಇಂಗಾಲದ ಹಾಳೆ ಗ್ರಾಫೀನ್; ಅಂಥ ಎರಡನ್ನು ತುಸು ತಿರುಗಿಸಿ ಒಂದರ ಮೇಲೊಂದು ಇಟ್ಟ ನಮ್ಮ ಸಾಧನದ ವಿದ್ಯುತ್ ರೋಧ ಕೊನೆಗೂ ಸೊನ್ನೆಗಿಳಿಯಿತು. ಹೇಗೆ, ಯಾವಾಗ ಎಂಬುದೆಲ್ಲ ಲ್ಯಾಬಿನ ನಿಮಗೆಲ್ಲ ಗೊತ್ತೇ ಇದೆ. ಋಣ ಹೇಳಿಕೊಳ್ಳುವುದೊಂದು ಬಾಕಿ.

2018ರಲ್ಲಿ ಎಂಐಟಿಯ ಪಾಬ್ಲೊ ಹರಿಯೊ-ಹೆರೆರೊ ತಂಡ 1.1 ಡಿಗ್ರಿ ಕೋನದಲ್ಲಿ, 1.7 ಕೆಲ್ವಿನ್‌ವರೆಗೆ ಅತಿವಾಹಕತೆ (ರೋಧವೇ ಇಲ್ಲದೆ ವಿದ್ಯುತ್ ಹರಿಯುವ ಗುಣ) ತೋರಿಸಿದ ದಾರಿಯಲ್ಲೇ ನಾವು ನಡೆದದ್ದು. ಬೋರಾನ್ ನೈಟ್ರೈಡ್ ಹರಳು ಕೊಟ್ಟವರಿಗೆ, ಕ್ರೋಮಿಯಂ-ಚಿನ್ನದ ಸಂಪರ್ಕ ಕೂರಿಸಿದವರಿಗೆ, ಫಿಲ್ಟರ್‌ಗಳನ್ನು ಬೆಸುಗೆ ಹಾಕಿದವರಿಗೆ ಎಲ್ಲರಿಗೂ ವಂದನೆ.

ಪದರ ಜೋಡಿಸಿದ ತಂಗಿಗೆ ಎರಡು ಮಾತು ಹೆಚ್ಚು. ಒಂದೇ ಗ್ರಾಫೀನ್ ಹಾಳೆಯನ್ನು ಹರಿದು ಅರ್ಧ ಎತ್ತಿಕೊಂಡು, ಉಳಿದರ್ಧವನ್ನು ತಿರುಗಿಸಿ ಅದಕ್ಕೇ ಅಂಟಿಸುವುದು ಕೇಳಲು ಸುಲಭ. ಬಿಸಿ ತಗುಲಿದರೆ ಪದರಗಳು ಸೊನ್ನೆ ಕೋನದತ್ತ ಜಾರುತ್ತವೆ. ಅದಕ್ಕೇ ಆಕೆ ಬೇಕಾದ ಕೋನಕ್ಕಿಂತ ತುಸು ಹೆಚ್ಚೇ ತಿರುಗಿಸಿದಳು, ಆಮೇಲೆ ಆದಷ್ಟು ಕಡಿಮೆ ಕಾಯಿಸಿದಳು, ಗುಳ್ಳೆಯಿಲ್ಲದ ಜಾಗ ಹುಡುಕಿ ರೋಧ ಅಳೆಯುವ ಪಟ್ಟಿಯಾದ ಹಾಲ್ ಬಾರ್ ಅನ್ನು ಅಲ್ಲೇ ಕೊರೆಸಿದಳು.

ಇನ್ನುಳಿದ ಮಾತೆಲ್ಲ ಅಣ್ಣನಿಗೆ. ಹೀಲಿಯಂ-3, ಹೀಲಿಯಂ-4ರ ಮಿಶ್ರಣವನ್ನು ಸುತ್ತಿಸಿ ಸಾಧನವನ್ನು ನಿರಪೇಕ್ಷ ಸೊನ್ನೆಯ ಹತ್ತಿರಕ್ಕೆ ತಣಿಸುವ ಯಂತ್ರವಾದ ಡೈಲ್ಯೂಷನ್ ಫ್ರಿಜ್ ನೋಡಿಕೊಳ್ಳುವ ಹಿರಿಯರನ್ನು ನಾವೆಲ್ಲ ಕರೆಯುವುದು ಹಾಗೆಯೇ. ಆ ರಾತ್ರಿ ಮಿಶ್ರಣದ ಅನಿಲವನ್ನು ಮತ್ತೆ ದ್ರವವಾಗಿಸುವ ಕಂಡೆನ್ಸರ್ ಕಡೆಯ ಒತ್ತಡ ಏರುತ್ತ, ಹರಿವು ಇಳಿಯುತ್ತ ಹೋಯಿತು. ಎಲ್ಲೋ ಸೋರಿ ಬಂದ ಗಾಳಿ ಕಲ್ಮಶವನ್ನು ತಣ್ಣಗೆ ಹಿಡಿದಿಡುವ ದ್ರವ ಸಾರಜನಕದ ಕೋಲ್ಡ್ ಟ್ರ್ಯಾಪ್‌ನಲ್ಲಿ ಕಟ್ಟಿಕೊಂಡಿತ್ತು. ಅದು ಮುಂದೆ ಸಾಗಿ ಒಳಗಿನ ಸಪೂರ ಕೊಳವೆಯಲ್ಲಿ ಹೆಪ್ಪುಗಟ್ಟಿದರೆ ಇಡೀ ಯಂತ್ರವನ್ನು ಕೋಣೆಯ ತಾಪಕ್ಕೆ ತರಬೇಕು. ಮತ್ತೆ ತಣಿಸುವಾಗ ಸಂಪರ್ಕಗಳು ಉಳಿಯುವ ಖಾತ್ರಿಯಿಲ್ಲ.

ಅಣ್ಣ ಗಾಬರಿಯಾಗಲಿಲ್ಲ. ಬದಲಿ ಟ್ರ್ಯಾಪನ್ನು ಮೊದಲು ಪಂಪ್ ಮಾಡಿ, ಸಾರಜನಕದಲ್ಲಿ ಮುಳುಗಿಸಿ, ಚೆನ್ನಾಗಿ ತಣಿಯಲು ಬಿಟ್ಟರು. ಆಮೇಲೆಯೇ ಹರಿವನ್ನು ಅತ್ತ ತಿರುಗಿಸಿ ಹಳೆಯದನ್ನು ಮುಚ್ಚಿದರು. ಹಳೆಯದು ತಣ್ಣಗಿರುವಾಗಲೇ ಅದರಲ್ಲಿ ಉಳಿದ ಮಿಶ್ರಣವನ್ನು ಟ್ಯಾಂಕಿಗೆ ಎಳೆದುಕೊಂಡು, ಬಳಿಕ ಕಾಯಿಸಿ ಗಾಳಿಯನ್ನಷ್ಟೇ ಹೊರಹಾಕಿದರು. ಈ ಕ್ರಮ ತಪ್ಪಿದರೆ ದುಬಾರಿ ಹೀಲಿಯಂ-3 ಗಾಳಿಪಾಲು. ಸೋರಿಕೆ ಹುಡುಕೋಣವೆಂದರೆ, ಹೀಲಿಯಂ ಹರಿಯುತ್ತಿರುವ ಕೊಳವೆಗೆ ಹೀಲಿಯಂ ಅನ್ನೇ ಗುರುತಿಸುವ ಲೀಕ್ ಡಿಟೆಕ್ಟರ್ ಹಚ್ಚಿ ಪ್ರಯೋಜನವಿಲ್ಲ. ಹಾಗಾಗಿ ಬೆಳಗಿನವರೆಗೆ ಟ್ರ್ಯಾಪ್‌ಗಳನ್ನು ಸರದಿಯಂತೆ ಬದಲಿಸುತ್ತ, ಸಾರಜನಕ ತುಂಬಿಸುತ್ತ ಕೂತರು. ಮನೆಗೆ ಹೋಗಿ ಎಂದರೂ ಹೋಗಲಿಲ್ಲ. ಅವರು ಎದ್ದುಹೋಗಿದ್ದರೆ ಎಲ್ಲವೂ ಅಂದೇ ಮುಗಿದುಹೋಗುತ್ತಿತ್ತು. ಬರೆಯುವಾಗ ಈಗಲೂ ಗಂಟಲು ಕಟ್ಟುತ್ತದೆ. ಅಣ್ಣ, ನಿಮ್ಮ ಋಣ ತೀರುವಂಥದ್ದಲ್ಲ.

ತಾಪ ಏರದೆ ಉಳಿದದ್ದರಿಂದಲೇ ಗುರುಗಳು ಕೇಳಿದ ಪರೀಕ್ಷೆಗಳೆಲ್ಲ ನಡೆದವು. ವೋಲ್ಟೇಜ್ ಅಳೆಯುವ ಸಂಪರ್ಕ ಬಿಟ್ಟುಹೋಗಿದ್ದರೂ ಸೊನ್ನೆ ಕಂಡೀತು ಎಂದು ಅವರು ಮೊದಲ ಗ್ರಾಫನ್ನು ಒಪ್ಪಿರಲಿಲ್ಲ. ಕರೆಂಟ್ ಹೆಚ್ಚಿಸುತ್ತ ಹೋದಂತೆ ಒಂದು ಹಂತದಲ್ಲಿ ವೋಲ್ಟೇಜ್ ತಟ್ಟನೆ ಜಿಗಿದದ್ದನ್ನು, ಹಾಳೆಗೆ ಲಂಬವಾಗಿ ಕೊಟ್ಟ ಸಣ್ಣ ಕಾಂತಕ್ಷೇತ್ರಕ್ಕೆ ಆ ಸೊನ್ನೆ ಅಳಿಸಿಹೋದದ್ದನ್ನು ನೋಡಿದ ಮೇಲಷ್ಟೇ ಹೂಂ ಎಂದರು. ಆ ಹಟಕ್ಕೂ ನಮಸ್ಕಾರ, ಗುರುಗಳೇ.